ಥೈರಾಯ್ಡ್ ಗುಳಿಗೆ ನಿಂತುಹೋದ ಮನೆಯಲ್ಲಿ: ಅಪರೂಪದ ಅಪಾಯ ಗುರುತಿಸುವುದು ಹೇಗೆ, ಮಾಡಬೇಕಾದ್ದೇನು?

"ಗುಳಿಗಿ ಬಿಟ್ಟು ಆರ್ ತಿಂಗಳಾತ್ರಿ, ಏನೂ ಆಗಿಲ್ಲ. ಇನ್ನ ಬ್ಯಾಡ ಅಲ್ರಿ?"

ಬಾಗಲಕೋಟೆ ಜಿಲ್ಲೆಯ ತಾಲೂಕು ಊರೊಂದರಲ್ಲಿ ದವಾಖಾನೆ ನಡೆಸುವ ನನಗೆ ವಾರಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ ಇದು. ಓದುಗರು ಕೇಳುವುದೂ ಇದನ್ನೇ. ಬೆಳಗಾವಿಯಿಂದ ಒಬ್ಬರು ಅತ್ತೆಯ ಬಗ್ಗೆ ಕೇಳುತ್ತಾರೆ, ಇಂಡಿಯಿಂದ ಇನ್ನೊಬ್ಬರು ಅವ್ವನ ಬಗ್ಗೆ. ಥೈರಾಯ್ಡ್ ಕಡಿಮೆ ಇರುವವರು ಔಷಧಿ ಬಿಟ್ಟರೆ ಬರೀ ಸುಸ್ತು, ಮೈ ಊದುವುದು ಅಷ್ಟೇನಾ? ಜೀವಕ್ಕೂ ಅಪಾಯ ಇದೆಯಾ?

ಇದೆ. ಅಪರೂಪಕ್ಕೆ ಆಗುತ್ತದೆ, ಆದರೆ ಆದಾಗ ಮನೆಯವರಿಗೆ ಅದು ಅಪಾಯ ಅಂತ ಹೊಳೆಯುವುದೇ ಇಲ್ಲ. ಜ್ವರ ಏರಿದರೆ, ಎದೆ ನೋವು ಬಂದರೆ ಯಾರಾದರೂ ಗಾಡಿ ತರುತ್ತಾರೆ. ಮುದುಕಿ ಎರಡು ದಿನ ಕೌದಿ ಹೊದ್ದು ಸುಮ್ಮನೆ ಮಲಗಿದರೆ "ವಯಸ್ಸಾತು, ಥಂಡಿ ಐತಿ, ಮಲಗ್ಲಿ" ಅನ್ನುತ್ತಾರೆ. ಅದಕ್ಕೇ ಈ ಲೇಖನವನ್ನು ರೋಗಿಗಿಂತ ಹೆಚ್ಚಾಗಿ ಮಗ, ಮಗಳು, ಸೊಸೆಯನ್ನು ಎದುರಿಗೆ ಕೂರಿಸಿಕೊಂಡಂತೆ ಬರೆಯುತ್ತಿದ್ದೇನೆ. ಆ ಹೊತ್ತಿಗೆ ರೋಗಿಗೆ ತನ್ನ ಕಥೆ ತಾನೇ ಹೇಳುವ ಎಚ್ಚರ ಇರುವುದಿಲ್ಲ.

ಥೈರಾಯ್ಡ್ ಅಂದರೆ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಅದು ಸುರಿಸುವ ಹಾರ್ಮೋನು ದೇಹದ ಒಲೆಯ ಉರಿ ಇದ್ದಂತೆ. ಉರಿ ಸಣ್ಣದಾದರೆ ಎದೆಬಡಿತ, ಕರುಳು, ಮೈಶಾಖ, ಬುದ್ಧಿಯ ಚುರುಕು ಎಲ್ಲವೂ ನಿಧಾನವಾಗುತ್ತವೆ. ಇದಕ್ಕೆ ಹೈಪೋಥೈರಾಯ್ಡಿಸಂ ಎನ್ನುತ್ತಾರೆ. ಈಗ ನಾವು ಕಾಣುವವರಲ್ಲಿ ಹೆಚ್ಚಿನವರಿಗೆ ಕಾರಣ ಹಾಶಿಮೊಟೊ ಥೈರಾಯ್ಡೈಟಿಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ನಿಧಾನಕ್ಕೆ ತಿಂದುಹಾಕುವ ಕಾಯಿಲೆ. ಆಪರೇಷನ್‌ನಲ್ಲಿ ಗ್ರಂಥಿ ತೆಗೆಸಿಕೊಂಡವರು, ರೇಡಿಯೋ ಅಯೋಡಿನ್ ಚಿಕಿತ್ಸೆ ಪಡೆದವರು ಉಳಿದವರು. ಅಯೋಡಿನ್ ಉಪ್ಪು ಎಲ್ಲರೂ ತಿನ್ನಬೇಕು, ಆದರೆ ಗ್ರಂಥಿಯೇ ಹಾಳಾದವರಿಗೆ ಉಪ್ಪು ಹೆಚ್ಚು ತಿಂದರೆ ಹಾರ್ಮೋನು ಹುಟ್ಟುವುದಿಲ್ಲ. ಅವರಿಗೆ ಲೀವೋಥೈರಾಕ್ಸಿನ್ ಗುಳಿಗೆಯೇ ಬೇಕು. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂತ ಬಾಟಲಿಯ ಮೇಲೆ ಬರೆದಿರುವುದು ಅದೇ ಔಷಧಿ.

ಓದುವ ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ: ಗುಳಿಗೆಯ ಬಾಟಲಿ (ಖಾಲಿಯಾಗಿದ್ದರೂ ಸರಿ), ಹಳೆಯ ರಕ್ತ ತಪಾಸಣೆಯ ಚೀಟಿಗಳು, ಒಂದು ಥರ್ಮಾಮೀಟರ್, ಸೆಕೆಂಡು ಮುಳ್ಳಿರುವ ಗಡಿಯಾರ ಅಥವಾ ಮೊಬೈಲು.

1. ಗುಳಿಗೆ ನಿಂತು ಎಷ್ಟು ದಿನವಾಯಿತು, ಲೆಕ್ಕ ಹಾಕಿ

"ತಗೋತಾರ್ರಿ" ಎಂಬ ಉತ್ತರವನ್ನು ನಂಬಬೇಡಿ. ಬಾಟಲಿಯ ಮೇಲಿನ ಬ್ಯಾಚ್ ತಾರೀಖು ನೋಡಿ, ಅಂಗಡಿಯ ಬಿಲ್ಲು ನೋಡಿ, ಒಳಗಿನ ಗುಳಿಗೆ ಎಣಿಸಿ. ನೂರರ ಬಾಟಲಿ ಯುಗಾದಿಗೆ ತಂದಿದ್ದು ದಸರೆಯಲ್ಲೂ ಅರ್ಧ ಉಳಿದಿದ್ದರೆ ಉತ್ತರ ಅಲ್ಲೇ ಇದೆ.

ಇಲ್ಲಿ ಎಲ್ಲರೂ ಮೋಸ ಹೋಗುವ ವಿಷಯ ಒಂದಿದೆ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಇವತ್ತು ಬಿಟ್ಟರೆ ನಾಳೆ ಏನೂ ಗೊತ್ತಾಗುವುದಿಲ್ಲ, ಮುಂದಿನ ವಾರವೂ ಗೊತ್ತಾಗುವುದಿಲ್ಲ. ಕೆಲವರಿಗೆ ಗುಳಿಗೆ ಬಿಟ್ಟ ಮೇಲೆ "ಹಗುರ ಅನಿಸ್ತೈತಿ" ಅಂತಲೂ ಅನ್ನಿಸಬಹುದು. ಇಳಿಕೆ ತಿಂಗಳುಗಟ್ಟಲೆ ನಡೆಯುತ್ತದೆ, ದಿನಾ ನೋಡುವ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತು "ಅವ್ವಾ, ಮಾರಿ ಯಾಕ ಹಿಂಗ ಊದೇತಿ?" ಅಂದಾಗಲೇ ಎಷ್ಟೋ ಸಲ ವಿಷಯ ಹೊರಬೀಳುತ್ತದೆ.

ಬಿಡುವ ಕಾರಣಗಳೂ ಅವೇ ನಾಲ್ಕೈದು. ರಿಪೋರ್ಟ್ ನಾರ್ಮಲ್ ಬಂತು, ಹಾಗಾಗಿ ನಿಲ್ಲಿಸಿದೆವು ಎನ್ನುವುದು ಮೊದಲನೆಯದು. ಗುಳಿಗೆ ತಗೊಂಡಿದ್ದರಿಂದಲೇ ನಾರ್ಮಲ್ ಬಂದದ್ದು, ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ನಾಲ್ಕೈದು ತಿಂಗಳು ಊರು ಬಿಟ್ಟು ಹೋದವರು ಅಲ್ಲಿ ಅಂಗಡಿ ಹುಡುಕುವುದಿಲ್ಲ. ಶ್ರಾವಣದ ಒಪ್ಪತ್ತು, ರಂಜಾನ್ ಉಪವಾಸ ಅಂತ ಬಿಟ್ಟು ಆಮೇಲೆ ಮರೆತವರಿದ್ದಾರೆ. ಉಪವಾಸಕ್ಕೆ ದಾರಿ ಇದೆ, 7ನೇ ಹಂತದಲ್ಲಿ ಹೇಳುತ್ತೇನೆ.

ಗ್ರಂಥಿಯನ್ನೇ ತೆಗೆಸಿಕೊಂಡವರಲ್ಲಿ ತಿಂಗಳ ಲೆಕ್ಕವೂ ದೊಡ್ಡದು. ಅವರೊಳಗೆ ಹಾರ್ಮೋನು ಮಾಡುವ ಜಾಗವೇ ಉಳಿದಿಲ್ಲ.

2. ಎರಡನೇ ಪೆಟ್ಟು ಬಿದ್ದಿದೆಯಾ ನೋಡಿ

ಗುಳಿಗೆ ಬಿಟ್ಟ ಎಲ್ಲರೂ ಐಸಿಯು ಸೇರುವುದಿಲ್ಲ. ದೇಹ ಕಡಿಮೆ ಉರಿಯಲ್ಲೇ ಹೇಗೋ ಸಂಸಾರ ತೂಗಿಸುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ದಾಗ ಕುಸಿಯುತ್ತದೆ. ಹೆಚ್ಚಾಗಿ ಕುಸಿಯುವವರು 60 ದಾಟಿದ ಹೆಂಗಸರು, ಅದೂ ಚಳಿಗಾಲದಲ್ಲಿ. ಎಳ್ಳ ಅಮಾವಾಸ್ಯೆಯ ಆಚೀಚೆ, ಹೊಲದ ಮನೆಯಲ್ಲಿ ಬೆಳಗಿನ ಜಾವ ಬಾವಿಯ ನೀರು ಮುಟ್ಟಲಾಗದಷ್ಟು ಚಳಿ ಇರುವ ದಿನಗಳಲ್ಲಿ ನಾನು ವಯಸ್ಸಾದವರ ಬಾಟಲಿಯನ್ನು ತಪ್ಪದೆ ಕೇಳಿ ನೋಡುತ್ತೇನೆ.

ಆ ಪೆಟ್ಟು ಏನೇನಿರಬಹುದು: ಎದೆಯ ಸೋಂಕು, ಅಂದರೆ ನ್ಯುಮೋನಿಯಾ. ಮೂತ್ರದ ಸೋಂಕು. ಪಾರ್ಶ್ವವಾಯು, ಹೃದಯಾಘಾತ, ಹೊಟ್ಟೆಯೊಳಗಿನ ರಕ್ತಸ್ರಾವ. ಬಿದ್ದು ಚಪ್ಪೆ ಮುರಿದದ್ದು. ಯಾವುದೇ ಆಪರೇಷನ್, ಅರಿವಳಿಕೆ. ಇವಲ್ಲದೆ ಔಷಧಿಗಳೂ ಇವೆ: ನಿದ್ದೆ ಗುಳಿಗೆ, ಟ್ರಮಡಾಲ್‌ನಂಥ ಬಿರುಸಾದ ನೋವಿನ ಔಷಧಿ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು. ಇವು ಮೊದಲೇ ನಿಧಾನವಾದ ಉಸಿರನ್ನು ಇನ್ನೂ ನಿಧಾನಗೊಳಿಸುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಎದೆಬಡಿತದ ತೊಂದರೆಗೆ ಕೊಡುವ ಅಮಿಯೋಡರೋನ್ ಥೈರಾಯ್ಡ್ ಗ್ರಂಥಿಯ ಮೇಲೇ ಕೈ ಮಾಡಬಲ್ಲವು. ಇವನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರರಿಗೆ ನೆನಪಿಸಿ.

ಗುಳಿಗೆ ನಿಂತಿದೆ, ಜೊತೆಗೆ ಇವುಗಳಲ್ಲಿ ಒಂದು ಬಂದಿದೆ ಎಂದಾದರೆ ಮುಂದಿನ ಹಂತವನ್ನು ನಾಳೆಗೆ ಬಿಡಬೇಡಿ.

3. ಮನೆಯಲ್ಲೇ ಐದು ನಿಮಿಷದ ತಪಾಸಣೆ

ಮೈಶಾಖ. ಗಾಜಿನ ಥರ್ಮಾಮೀಟರ್ ಆದರೆ ಮೊದಲು ಚೆನ್ನಾಗಿ ಕೊಡವಿ ಪಾದರಸವನ್ನು ಕೆಳಕ್ಕೆ ಇಳಿಸಿ. ಕೊಡವದಿದ್ದರೆ ಅದು ಹಿಂದಿನ ಸಲದ ಮೊಮ್ಮಗನ ಜ್ವರವನ್ನೇ ತೋರಿಸುತ್ತದೆ, ಮೈ ತಣ್ಣಗಿದ್ದರೂ ತಾನಾಗಿ ಇಳಿಯುವುದಿಲ್ಲ. ಇನ್ನೊಂದು ಮಾತು: ಅದರ ಗೆರೆಗಳು ಶುರುವಾಗುವುದೇ 94, 95 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ. ಪಾದರಸ ಮೇಲೇಳದೆ ಬುಡದಲ್ಲೇ ನಿಂತರೆ "ಜ್ವರ ಇಲ್ಲ, ಒಳ್ಳೇದಾತು" ಅಂತ ಒಳಗಿಡಬೇಡಿ. ಡಿಜಿಟಲ್ ಆದರೆ ಅಂಕಿಯ ಬದಲು ಎಲ್ ಅಕ್ಷರ ತೋರಿಸುತ್ತದೆ. ಅದು ಬ್ಯಾಟರಿ ಹೋದದ್ದಲ್ಲದಿರಬಹುದು, ಮೈಶಾಖ ಅದು ಅಳೆಯುವ ಮಟ್ಟಕ್ಕಿಂತ ಕೆಳಗಿದೆ ಎಂದೂ ಆಗಬಹುದು. ನಿಮ್ಮ ಕಂಕುಳಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎಂದರೆ ತುರ್ತು. ಇಂಥವರಿಗೆ ಎದೆ ತುಂಬ ಸೋಂಕಿದ್ದರೂ ಜ್ವರ ಬರದೇ ಹೋಗಬಹುದು ಎಂಬುದನ್ನೂ ಮರೆಯಬೇಡಿ.

ನಾಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 60ರಿಂದ 100 ಇರುತ್ತದೆ. ಐವತ್ತರ ಸುತ್ತ ಇಳಿದಿದ್ದರೆ ಬರೆದುಕೊಳ್ಳಿ. ಬಿಪಿಗೆ ಕೊಡುವ ಕೆಲವು ಗುಳಿಗೆಗಳೂ ನಾಡಿ ಇಳಿಸುತ್ತವೆ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಉಸಿರು. ಹೊಟ್ಟೆ, ಎದೆ ಏರಿಳಿಯುವುದನ್ನು ನೋಡುತ್ತ ಎಣಿಸಿ. ನಿಮಿಷಕ್ಕೆ 12ಕ್ಕಿಂತ ಕಡಿಮೆಯಾದರೆ, ನಡುನಡುವೆ ನಿಂತು ಗೊರಕೆಯಂತೆ ಎಳೆದರೆ ಕೆಟ್ಟ ಗುರುತು.

ಎಚ್ಚರ. ಹೆಸರು ಕೇಳಿ, ಇವತ್ತು ಯಾವ ವಾರ ಕೇಳಿ, ಮೊಮ್ಮಕ್ಕಳ ಹೆಸರು ಹೇಳಿಸಿ. ಉತ್ತರ ಬರುವುದು ತಡವಾಗುತ್ತಿದೆಯಾ? ಮಾತಿನ ನಡುವೆ ಕಣ್ಣು ಮುಚ್ಚುತ್ತದೆಯಾ? ದನಿ ಗಡಸಾಗಿ, ನಾಲಿಗೆ ದಪ್ಪವಾದಂತೆ ಮಾತು ತೊದಲುತ್ತದೆಯಾ?

ಬಾವು. ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಹೃದಯ, ಮೂತ್ರಪಿಂಡದ ಬಾವಿನಲ್ಲಿ ಕುಳಿ ಬಿದ್ದು ಹಾಗೇ ಉಳಿಯುತ್ತದೆ. ಥೈರಾಯ್ಡ್ ಕಡಿಮೆಯಾದ ಬಾವು ಹಿಟ್ಟಿನ ಮುದ್ದೆಯಂತೆ ಬಿಗಿಯಾಗಿರುತ್ತದೆ, ಸಾಮಾನ್ಯವಾಗಿ ಕುಳಿ ಉಳಿಯುವುದಿಲ್ಲ. ಇದಕ್ಕೇ ಮಿಕ್ಸೆಡಿಮ ಎಂದು ಹೆಸರು. ಚರ್ಮದಡಿ ನೀರು ಹಿಡಿಯುವ ಲೋಳೆಯಂಥ ವಸ್ತು ಸೇರಿಕೊಂಡು ಆಗುವ ಊತ ಅದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ವಿಲಿಯಂ ಆರ್ಡ್ ಇಟ್ಟ ಹೆಸರು. ಆಗ ಇದಕ್ಕೆ ಔಷಧಿಯೇ ಇರಲಿಲ್ಲ. 1891ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಒಬ್ಬ ಹೆಂಗಸಿಗೆ ಚುಚ್ಚಿ ಗುಣ ಕಂಡರು, ಆಕೆ ಆಮೇಲೆ 28 ವರ್ಷ ಬದುಕಿದಳು. ನಾವು ಬೇಸರಪಟ್ಟು ಮೂಲೆಗಿಡುವ ಗುಳಿಗೆಯ ಹಿಂದೆ ಇಷ್ಟು ಕಥೆ ಇದೆ.

4. ಮೈ ತಣ್ಣಗೆ, ನಾಡಿ ನಿಧಾನ, ಮಂಪರು: ಮೂರೂ ಸೇರಿದರೆ

ಇದನ್ನು ಮಿಕ್ಸೆಡಿಮ ಕೋಮಾ ಎನ್ನುತ್ತಾರೆ. ಹೆಸರು ಕೇಳಿ ಪೂರ್ತಿ ಪ್ರಜ್ಞೆ ತಪ್ಪಿರಬೇಕು ಅಂತ ಕಾಯಬೇಡಿ. ಬಹಳ ಜನ ಕೋಮಾದಲ್ಲಿ ಬರುವುದಿಲ್ಲ, ಗೊಂದಲ, ಮಂಪರಿನಲ್ಲೇ ಬರುತ್ತಾರೆ. ರಕ್ತದ ಸೋಡಿಯಂ ಇಳಿಯುತ್ತದೆ, ಸಕ್ಕರೆ ಇಳಿಯಬಹುದು, ಬಿಪಿ ಇಳಿಯುತ್ತದೆ, ಉಸಿರಾಟ ಮಂದವಾಗಿ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತದೆ. ಒಳ್ಳೆಯ ಐಸಿಯು ಸಿಕ್ಕವರಲ್ಲೂ ಸಾವು ಶೇ. 20ರಿಂದ 50ರವರೆಗೆ ವರದಿಯಾಗಿದೆ. ಬೇಗ ಗುರುತಿಸಿದಷ್ಟೂ ಬದುಕುವ ದಾರಿ ದೊಡ್ಡದು.

ಒಂದು ಜನವರಿಯ ಸಂಜೆ ತೋಟದ ಮನೆಯಿಂದ ಎಪ್ಪತ್ತರ ಆಸುಪಾಸಿನ ಆಯಿಯನ್ನು ಕರೆತಂದರು. ಎರಡು ಕೌದಿ, ತಲೆಗೆ ಮಫ್ಲರು, ಕಾಲಬುಡದಲ್ಲಿ ಬಟ್ಟೆ ಸುತ್ತಿದ ಬಿಸಿ ಇಟ್ಟಂಗಿ. ಹಣೆ ಮುಟ್ಟಿದರೆ ಬೀಸುಕಲ್ಲು ಮುಟ್ಟಿದಂತೆ. "ಮೂರ್ ದಿನದಿಂದ ಬರೇ ನಿದ್ದಿ ಮಾಡ್ತಾರ್ರಿ" ಅಂದಳು ಸೊಸೆ. ಕೊರಳಲ್ಲಿ ಆಪರೇಷನ್ನಿನ ಹಳೆಯ ಗೀರು ಇತ್ತು. ಗುಳಿಗೆ ದೀಪಾವಳಿಗೇ ಮುಗಿದಿತ್ತು. ಇಟ್ಟಂಗಿ ಇಟ್ಟ ಆ ಕೈಗಳಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಆದರೆ ಆ ಇಟ್ಟಂಗಿ ತಪ್ಪು. ಯಾಕೆ ಅಂತ ಕೆಳಗೆ ಹೇಳಿದ್ದೇನೆ. ಜಿಲ್ಲಾ ಕೇಂದ್ರದ ಐಸಿಯುನಲ್ಲಿ ಹನ್ನೊಂದು ದಿನ ಇದ್ದು ಆಯಿ ನಡೆದುಕೊಂಡೇ ಮನೆಗೆ ಬಂದರು.

ಮಾಡಬೇಕಾದ್ದು ಹೀಗೆ. 108ಕ್ಕೆ ಕರೆ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ, ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟದಿರಲಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಕೌದಿ ಅಥವಾ ಕಂಬಳಿ ಹೊದಿಸಿ, ಗಾಳಿ ಬರುವ ಕಿಟಕಿ ಮುಚ್ಚಿ. ದೇಹ ತನ್ನ ಶಾಖವನ್ನು ತಾನೇ ಉಳಿಸಿಕೊಳ್ಳಬೇಕು, ಅಷ್ಟೇ. ಬಾಟಲಿ ಮತ್ತು ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿ.

ಮಾಡಬಾರದ್ದು ಇನ್ನೂ ಮುಖ್ಯ:

ಬಿಸಿ ಇಟ್ಟಂಗಿ, ಬಿಸಿನೀರಿನ ಚೀಲ, ಮಂಚದ ಕೆಳಗೆ ಶೆಗಡಿ ಬೇಡ. ಹೊರಗಿನಿಂದ ಜೋರು ಶಾಖ ಕೊಟ್ಟರೆ ಚರ್ಮದ ರಕ್ತನಾಳಗಳು ತೆರೆದುಕೊಂಡು ರಕ್ತ ಅಲ್ಲಿಗೆ ಹರಿಯುತ್ತದೆ, ಮೊದಲೇ ಕಡಿಮೆಯಿದ್ದ ಬಿಪಿ ಕುಸಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಶೆಗಡಿಯ ಹೊಗೆ ಬೇರೆ ವಿಷ.

ಮಂಪರಿನಲ್ಲಿರುವವರ ಬಾಯಿಗೆ ಚಹಾ, ನೀರು, ಗಂಜಿ, ಬ್ರಾಂದಿ ಯಾವುದನ್ನೂ ಹಾಕಬೇಡಿ. ನುಂಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಬಿಟ್ಟ ಗುಳಿಗೆಗಳ ಲೆಕ್ಕ ತೀರಿಸಲು ಐದಾರನ್ನು ಒಮ್ಮೆಲೇ ಅರೆದು ಕುಡಿಸಬೇಡಿ.

ಸುಸ್ತಿಗೆ ಅಂತ ಊರ ದವಾಖಾನೆಯಲ್ಲಿ ಸೋಡಿಯಂ, ಸಕ್ಕರೆ ನೋಡದೆ ಸಲೈನ್ ಹಚ್ಚಿಸಬೇಡಿ. ಕೆಲವು ಬಾಟಲಿಗಳು ಇಳಿದ ಸೋಡಿಯಂ ಅನ್ನು ಇನ್ನೂ ಇಳಿಸಿ ಫಿಟ್ಸ್ ತರಿಸುತ್ತವೆ. ಗಲಾಟೆ ಮಾಡುತ್ತಾರೆಂದು ನಿದ್ದೆಯ ಇಂಜೆಕ್ಷನ್ ಹಾಕಿಸುವುದಂತೂ ಬೇಡವೇ ಬೇಡ.

ಎಲ್ಲಿಗೆ ಒಯ್ಯಬೇಕು? ಐಸಿಯು, ವೆಂಟಿಲೇಟರ್ ಎರಡೂ ಇರುವ ಕಡೆಗೆ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ ಮತ್ತು ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ದಾರಿಯಲ್ಲಿ ಸಣ್ಣ ದವಾಖಾನೆಗಳಲ್ಲಿ ಒಂದೊಂದು ದಿನ ಕಳೆಯಬೇಡಿ.

ಬಾಗಿಲಲ್ಲೇ ಡಾಕ್ಟರರಿಗೆ ಹೇಳಬೇಕಾದ ಮೊದಲ ವಾಕ್ಯ: "ಇವರಿಗೆ ಥೈರಾಯ್ಡ್ ಕಡಿಮೆ ಇತ್ತು, ಗುಳಿಗೆ ಇಷ್ಟು ತಿಂಗಳಿಂದ ನಿಂತಿದೆ." ಇದೊಂದು ಮಾತು ಸಿಗದೆ ಪಾರ್ಶ್ವವಾಯು, ನಂಜು, ವಯಸ್ಸು ಅಂತ ಹುಡುಕುತ್ತ ಹೊತ್ತು ಹೋಗುತ್ತದೆ. ಅವರು ಟಿಎಸ್‌ಎಚ್ ಮತ್ತು ಫ್ರೀ ಟಿ4 ರಕ್ತ ತೆಗೆಯುತ್ತಾರೆ. ಟಿಎಸ್‌ಎಚ್ ಎಂದರೆ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಹುಕುಂ, ಟಿ4 ಎಂದರೆ ಥೈರಾಯ್ಡ್ ಮಾಡಿಕೊಡುವ ಮಾಲು. ಮಾಲು ಕಡಿಮೆಯಾದಷ್ಟೂ ಹುಕುಂ ಜೋರಾಗುತ್ತದೆ. ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಮೊದಲು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್, ಆಮೇಲೆ ಥೈರಾಯ್ಡ್ ಹಾರ್ಮೋನು. "ಥೈರಾಯ್ಡಿಗೆ ಸ್ಟಿರಾಯ್ಡ್ ಯಾಕ್ರಿ?" ಅಂತ ಜಗಳಕ್ಕೆ ನಿಲ್ಲಬೇಡಿ, ಕಾರಣ 6ನೇ ಹಂತದಲ್ಲಿದೆ. ರಕ್ತನಾಳಕ್ಕೆ ಕೊಡುವ ಥೈರಾಕ್ಸಿನ್ ಇಂಜೆಕ್ಷನ್ ಎಲ್ಲ ಕಡೆ ಸಿಗುವುದಿಲ್ಲ. ಸಿಗದಾಗ ಗುಳಿಗೆ ಅರೆದು ಮೂಗಿನ ನಳಿಕೆಯಿಂದ ಹೊಟ್ಟೆಗೆ ಬಿಡುತ್ತಾರೆ, ಅದೂ ಕೆಲಸ ಮಾಡುತ್ತದೆ. ಇಂಜೆಕ್ಷನ್ ಹುಡುಕಿಕೊಂಡು ಊರೂರು ಅಲೆಯುವುದಕ್ಕಿಂತ ಅದು ಮೇಲು.

5. ಬೇರೆ ವೇಷದಲ್ಲಿ ಬರುವ ತೊಂದರೆಗಳು

ಈ ಹಂತ ಹೆಚ್ಚಾಗಿ ತುರ್ತಿಲ್ಲದವರಿಗೆ. ಇಲ್ಲಿ ಹೇಳುವ ಒಂದೊಂದಕ್ಕೂ ಜನ ಬೇರೆ ಬೇರೆ ತಜ್ಞರ ಬಾಗಿಲು ತಟ್ಟಿ, ಕೊನೆಗೆ ಒಂದು ಟಿಎಸ್‌ಎಚ್ ತಪಾಸಣೆಯಲ್ಲಿ ಉತ್ತರ ಕಂಡಿದ್ದಾರೆ.

ಹೃದಯದ ಸುತ್ತ ನೀರು. ಹೃದಯವನ್ನು ಸುತ್ತಿರುವ ಚೀಲದಲ್ಲಿ ನೀರು ಸೇರುತ್ತದೆ, ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ. ನೀರು ತಿಂಗಳುಗಟ್ಟಲೆ ನಿಧಾನಕ್ಕೆ ತುಂಬುವುದರಿಂದ ಹೃದಯ ಹೊಂದಿಕೊಂಡಿರುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ, ಗುಳಿಗೆ ಶುರು ಮಾಡಿದರೆ ಕೆಲವು ತಿಂಗಳಲ್ಲಿ ತಾನೇ ಇಂಗುತ್ತದೆ. ಹೃದಯವನ್ನು ಅಮುಕಿ ಬಿಪಿ ಇಳಿದು ಉಸಿರು ಕಟ್ಟಿದಾಗ ಮಾತ್ರ ಸೂಜಿ ಹಾಕಿ ತೆಗೆಯಬೇಕಾಗುತ್ತದೆ, ಅದು ಬಹಳ ಅಪರೂಪ.

ಸ್ನಾಯು. ಕುಕ್ಕರಗಾಲಲ್ಲಿ ಕೂತವರು ಏಳಲಾರರು, ಮೆಟ್ಟಿಲು ಹತ್ತಲಾರರು, ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಸಿಪಿಕೆ ಎಂಬ ಸ್ನಾಯುವಿನ ಅಂಶ ಏರಿರುತ್ತದೆ. ಇಲ್ಲೊಂದು ಗುಂಡಿ ಇದೆ, ಎಚ್ಚರ. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲ್ ಏರುತ್ತದೆ. ಏರಿದ ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಗುಳಿಗೆ ಕೊಡುತ್ತಾರೆ. ಥೈರಾಯ್ಡ್ ಕಡಿಮೆ ಇದ್ದವರಲ್ಲಿ ಸ್ಟ್ಯಾಟಿನ್ ಸ್ನಾಯುಗಳನ್ನು ಘಾಸಿ ಮಾಡುವುದು ಹೆಚ್ಚು. ಹಾಗಾಗಿ ಕೊಲೆಸ್ಟ್ರಾಲ್ ಗುಳಿಗೆ ಶುರು ಮಾಡುವ ಮೊದಲು ಟಿಎಸ್‌ಎಚ್ ಕೇಳಿ ಮಾಡಿಸಿಕೊಳ್ಳಿ. ಮೈಕೈ ವಿಪರೀತ ನೋವಿನ ಜೊತೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಹೋಗಿ.

ಕರುಳು. ಮಲಬದ್ಧತೆ ಸಾಮಾನ್ಯ. ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ನಿಂತರೆ ಕರುಳಿನ ಚಲನೆಯೇ ನಿಂತಿರಬಹುದು. ಔಡಲೆಣ್ಣೆ ಕುಡಿಸಬೇಡಿ, ಆಸ್ಪತ್ರೆಗೆ ಹೋಗಿ. ಕರುಳು ಕಟ್ಟಿದೆ ಎಂದು ಆಪರೇಷನ್ ಟೇಬಲ್ಲಿಗೆ ಏರಿಸುವ ಮೊದಲು ಥೈರಾಯ್ಡಿನ ಮಾತು ಹೇಳಿ.

ಮನಸ್ಸು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಖಿನ್ನತೆ, ಮರೆವು ಸಾಮಾನ್ಯ. ಅಪರೂಪಕ್ಕೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಊಟದಲ್ಲಿ ಏನೋ ಹಾಕಿದ್ದಾರೆ ಎಂದು ಮನೆಯವರನ್ನೇ ಸಂಶಯಿಸುತ್ತಾರೆ, ರಾತ್ರಿ ಎದ್ದು ಯಾರೊಂದಿಗೋ ಮಾತಾಡುತ್ತಾರೆ. 1949ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯ ಇಂಥ 14 ರೋಗಿಗಳ ವಿವರ ಬರೆದಿದ್ದಾರೆ. ನಮ್ಮ ಕಡೆ ಇವರನ್ನು ಅಮಾವಾಸ್ಯೆಗೆ ಗುಡಿಗೆ ಒಯ್ಯುತ್ತಾರೆ, ದೆವ್ವ ಬಿಡಿಸುವವರ ಮುಂದೆ ಕೂರಿಸುತ್ತಾರೆ, ಸೊಸೆಯ ಮೇಲೆ ಗೂಬೆ ಕೂರಿಸುತ್ತಾರೆ. ದೇವರಿಗೆ ನಡೆದುಕೊಳ್ಳುವುದು ನಿಮ್ಮ ನಂಬಿಕೆ, ನಾನು ಅಡ್ಡ ಬರುವುದಿಲ್ಲ. ಒಂದು ರಕ್ತ ತಪಾಸಣೆ ಮಾತ್ರ ಮೊದಲು ಆಗಲಿ. ಇದು ಗುಳಿಗೆಗೆ ಬಗ್ಗುವ ಹುಚ್ಚು. ಬಗ್ಗಲು ವಾರಗಳು ಬೇಕು, ಅಲ್ಲಿಯತನಕ ಮನೋವೈದ್ಯರ ಔಷಧಿಯೂ ಬೇಕಾಗಬಹುದು.

ಮಕ್ಕಳು. ಹುಟ್ಟಿದ ಮಗುವಿಗೆ ಥೈರಾಯ್ಡ್ ಇಲ್ಲದಿದ್ದರೆ ಮೊದಲ ಎರಡು ವಾರದಲ್ಲೇ ಗುಳಿಗೆ ಶುರುವಾಗಬೇಕು. ತಡವಾದಷ್ಟೂ ಬುದ್ಧಿಗೆ ಆದ ನಷ್ಟ ಮತ್ತೆ ತುಂಬುವುದಿಲ್ಲ. ಹುಟ್ಟಿದ 48ರಿಂದ 72 ತಾಸಿನೊಳಗೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡುವ ತಪಾಸಣೆ ಇದೆ, ಹೆರಿಗೆಯಾದಲ್ಲೇ ಕೇಳಿ. ದೊಡ್ಡ ಮಕ್ಕಳಲ್ಲಿ ಗುರುತು ಎತ್ತರ. ತರಗತಿಯಲ್ಲಿ ಎಲ್ಲರೂ ಬೆಳೆದರು, ಇವಳೊಬ್ಬಳು ಹೋದ ವರ್ಷದ ಯೂನಿಫಾರ್ಮಿನಲ್ಲೇ ಇದ್ದಾಳೆ ಎಂದರೆ ತಪಾಸಿಸಿ. ವರ್ಷಗಟ್ಟಲೆ ಹಾಗೇ ಬಿಟ್ಟ ಕೆಲವು ಹುಡುಗಿಯರಲ್ಲಿ ಎತ್ತರ ಬೆಳೆಯದೆಯೂ ಏಳೆಂಟು ವರ್ಷಕ್ಕೇ ಮುಟ್ಟು ಕಾಣಿಸಿಕೊಳ್ಳುತ್ತದೆ, ಅಂಡಾಶಯದಲ್ಲಿ ನೀರುಗುಳ್ಳೆಗಳಾಗುತ್ತವೆ. ಇದಕ್ಕೆ ವ್ಯಾನ್ ವೈಕ್-ಗ್ರಂಬಾಕ್ ಸಿಂಡ್ರೋಮ್ ಎಂದು ಹೆಸರು. ಸ್ಕ್ಯಾನಿನಲ್ಲಿ ಗಡ್ಡೆ ಎಂದು ಗಾಬರಿಯಾಗಿ ಅಂಡಾಶಯ ತೆಗೆಸಿದರೆ ಆ ಮಗುವಿಗೆ ಜೀವನವಿಡೀ ಅನ್ಯಾಯ. ಗುಳಿಗೆ ಕೊಟ್ಟರೆ ಗುಳ್ಳೆಗಳು ಕುಗ್ಗುತ್ತವೆ.

ಇದೇ ರೀತಿ ಜೋರು ಹುಕುಂ ಕಳಿಸಿ ಕಳಿಸಿ ಪಿಟ್ಯೂಟರಿ ಊದಿಕೊಂಡು ಎಂಆರ್‌ಐನಲ್ಲಿ ಗಡ್ಡೆಯಂತೆ ಕಾಣುವುದೂ ಉಂಟು. ತಲೆಬುರುಡೆಯ ಆಪರೇಷನ್ನಿಗೆ ಒಪ್ಪುವ ಮೊದಲು ಟಿಎಸ್‌ಎಚ್ ಆಗಿದೆಯಾ ಕೇಳಿ.

6. ಟಿಎಸ್‌ಎಚ್ ನಾರ್ಮಲ್ ಇದ್ದೂ ಥೈರಾಯ್ಡ್ ಕಡಿಮೆ ಇರುವವರು

ಹುಕುಂ ಕೊಡುವ ಪಿಟ್ಯೂಟರಿಯೇ ಸತ್ತರೆ? ಆಗ ಟಿ4 ಪಾತಾಳಕ್ಕಿಳಿದಿದ್ದರೂ ಟಿಎಸ್‌ಎಚ್ ನಾರ್ಮಲ್ ಅಥವಾ ಕಡಿಮೆ ಬರುತ್ತದೆ. ಬರೀ ಟಿಎಸ್‌ಎಚ್ ನೋಡಿದವರು "ಥೈರಾಯ್ಡ್ ಸರಿ ಇದೆ" ಎಂದು ಕಳಿಸಿಬಿಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಬೇಕು.

ಒಂದು: ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತಾ? ಆ ಹೊತ್ತಿಗೆ ಬಿಪಿ ಕುಸಿದು ಪಿಟ್ಯೂಟರಿಗೆ ರಕ್ತ ಸಿಗದೆ ಅದು ಒಣಗುತ್ತದೆ. ಇದು ಶೀಹಾನ್ ಸಿಂಡ್ರೋಮ್. ಬಾಣಂತಿಗೆ ಎದೆಹಾಲು ಬರಲೇ ಇಲ್ಲ, ಮುಟ್ಟು ಮತ್ತೆ ಶುರುವಾಗಲೇ ಇಲ್ಲ, ಕಂಕುಳ ಕೂದಲು ಉದುರಿತು. ಇವು ಗುರುತುಗಳು. ಹೊಲದ ಮನೆಯಲ್ಲಿ ಹೆರಿಗೆಯಾದ ಎಷ್ಟೋ ತಾಯಂದಿರು "ಆ ಕೂಸಿನ ಬಾಣಂತನದಿಂದ ನಾ ಮೊದಲಿನಂಗ ಆಗಲೇ ಇಲ್ಲ" ಅನ್ನುತ್ತಾರೆ. ಹದಿನೈದು, ಇಪ್ಪತ್ತು ವರ್ಷದ ಹಿಂದಿನ ಮಾತಾದರೂ ಅದನ್ನು ಕೇಳಿಸಿಕೊಳ್ಳಬೇಕು.

ಎರಡು: ಹಾವು ಕಚ್ಚಿತ್ತಾ? ಕಬ್ಬಿನ ಗದ್ದೆ, ಜೋಳದ ಹೊಲದಲ್ಲಿ ಸಿಗುವ ಕೊಳಕುಮಂಡಲದ ವಿಷ ರಕ್ತ ಕೆಡಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಕೆಲವರಲ್ಲಿ ಪಿಟ್ಯೂಟರಿಯನ್ನೂ ಹಾಳು ಮಾಡುತ್ತದೆ. ಬದುಕಿ ಬಂದವರು ತಿಂಗಳು, ವರ್ಷಗಳ ನಂತರ ಗಡ್ಡ ಉದುರಿ, ಸೊರಗಿ, ಮಂಕಾಗಿ ಕೂರುತ್ತಾರೆ. ಹಾವಿನ ಕಥೆ ಮನೆಯವರು ಮರೆತಿರುತ್ತಾರೆ, ಡಾಕ್ಟರರು ಕೇಳಿರುವುದಿಲ್ಲ.

ಇಂಥವರಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಕಡಿಮೆ ಇರುತ್ತದೆ. ಅದನ್ನು ತುಂಬದೆ ಥೈರಾಯ್ಡ್ ಗುಳಿಗೆ ಮಾತ್ರ ಕೊಟ್ಟರೆ ದೇಹ ಉಳಿದಷ್ಟು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿ ಬಿಪಿ ಕುಸಿದು ಜೀವಕ್ಕೆ ಬರುತ್ತದೆ. ಐಸಿಯುನಲ್ಲಿ ಸ್ಟಿರಾಯ್ಡ್ ಮೊದಲು ಕೊಡುವುದು ಈ ಭಯಕ್ಕೇ. ನಿಮ್ಮ ಮನೆಯಲ್ಲಿ ಇವೆರಡರಲ್ಲಿ ಒಂದು ಕಥೆ ಇದ್ದರೆ ಟಿಎಸ್‌ಎಚ್ ಜೊತೆ ಫ್ರೀ ಟಿ4, ಬೆಳಗಿನ 8ರ ಸುಮಾರಿಗೆ ಕಾರ್ಟಿಸಾಲ್ ಮಾಡಿಸಿ.

7. ನಿಂತ ಗುಳಿಗೆ ಮತ್ತೆ ಶುರು ಮಾಡುವುದು

4ನೇ ಹಂತದ ಮೂರೂ ಗುರುತು ಇಲ್ಲ, ಆರಾಮ ಇದ್ದಾರೆ, ಗುಳಿಗೆ ಮಾತ್ರ ನಿಂತಿದೆ. ಹಾಗಿದ್ದರೆ ವಯಸ್ಸು ನೋಡಿ. ಹೃದಯದ ತೊಂದರೆ ಇಲ್ಲದ ಚಿಕ್ಕ ವಯಸ್ಸಿನವರು, ಬಿಟ್ಟು ಕೆಲವೇ ವಾರವಾಗಿದ್ದರೆ, ಹಳೆಯ ಪ್ರಮಾಣಕ್ಕೇ ಮರಳಬಹುದು. ವಯಸ್ಸಾದವರು, ಹೃದಯದ ಕಾಯಿಲೆ ಇದ್ದವರು, ತಿಂಗಳುಗಟ್ಟಲೆ ಬಿಟ್ಟವರು ತಾವಾಗಿ ಹಳೆಯ 100 ಮೈಕ್ರೋಗ್ರಾಂ ನುಂಗಬಾರದು. ನಿಧಾನಕ್ಕೆ ಹೊಂದಿಕೊಂಡ ಹೃದಯವನ್ನು ಒಮ್ಮೆಲೇ ಓಡಿಸಿದಂತಾಗಿ ಎದೆನೋವು, ಬಡಿತ ತಪ್ಪುವುದು ಬರುತ್ತದೆ. ಅವರಿಗೆ 12.5 ಅಥವಾ 25ರಿಂದ ಶುರು ಮಾಡಿ 4ರಿಂದ 6 ವಾರಕ್ಕೊಮ್ಮೆ ಏರಿಸುತ್ತೇವೆ. ಆರೋಗ್ಯವಂತ ವಯಸ್ಕರಿಗೆ ಪೂರ್ತಿ ಪ್ರಮಾಣ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ 60 ಕಿಲೋ ಇದ್ದವರಿಗೆ 100ರ ಹತ್ತಿರ.

ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಚಹಾಕ್ಕೆ ಅರ್ಧ ತಾಸಾದರೂ ತಡೆಯಿರಿ, ಒಂದು ತಾಸು ತಡೆದರೆ ಇನ್ನೂ ಒಳ್ಳೆಯದು. ಎದ್ದ ಕೂಡಲೇ ಚಹಾ ಇಲ್ಲದೆ ಆಗದವರು ರಾತ್ರಿ ಊಟವಾಗಿ ಮೂರು ತಾಸಿನ ನಂತರ ಮಲಗುವ ಮುಂದೆ ತಗೊಳ್ಳಿ. ಉಪವಾಸದವರಿಗೂ ಇದೇ ದಾರಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗೆ 4 ತಾಸು ಅಂತರ ಬೇಕು. ಗರ್ಭಿಣಿಯರು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವುದನ್ನು ದಿನಾ ನೋಡುತ್ತೇನೆ. ಹಾಗೆ ಮಾಡಿದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ. ಬಸಿರು ಗೊತ್ತಾದ ವಾರವೇ ಡಾಕ್ಟರರನ್ನು ಕಾಣಿ, ಸಾಮಾನ್ಯವಾಗಿ ಪ್ರಮಾಣ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ. ಬಸುರಿನಲ್ಲಿ ಗುಳಿಗೆ ಬಿಟ್ಟರೆ ಗರ್ಭಪಾತವಾಗಬಹುದು, ಕೂಸಿನ ಬುದ್ಧಿಗೂ ಹೊಡೆತ ಬೀಳಬಹುದು.

ವಿಜಯಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಬಾಟಲಿಯನ್ನು ತಗಡಿನ ಛಾವಣಿಯ ಕೆಳಗೆ, ಒಲೆಯ ಹತ್ತಿರದ ಮಾಡದಲ್ಲಿ, ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ. ಶಾಖ, ತೇವ, ಬೆಳಕು ಮೂರೂ ಇದರ ಸತ್ವ ಕಳೆಯುತ್ತವೆ. ವಾರದ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಳ್ಳುವುದೂ ಬೇಡ.

ಮತ್ತೆ ಶುರು ಮಾಡಿ 6ರಿಂದ 8 ವಾರಕ್ಕೆ ಟಿಎಸ್‌ಎಚ್. ಅದಕ್ಕಿಂತ ಮೊದಲು ಮಾಡಿಸಿದರೆ ದುಡ್ಡು ದಂಡ, ಸಂಖ್ಯೆ ಇನ್ನೂ ನೆಲೆಗೊಂಡಿರುವುದಿಲ್ಲ. ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ತಗೊಳ್ಳುವವರು ರಕ್ತ ಕೊಡುವ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ಬರಬಹುದು.

8. ಒಂದು ಚೀಟಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ

ರೋಗಿಯ ಹೆಸರು, ವಯಸ್ಸು. ಥೈರಾಯ್ಡ್ ಕಡಿಮೆ, ಯಾವ ವರ್ಷದಿಂದ. ಆಪರೇಷನ್ ಆಗಿದೆಯೇ. ಗುಳಿಗೆ ಎಷ್ಟು ಮೈಕ್ರೋಗ್ರಾಂ. ಕೊನೆಯ ಟಿಎಸ್‌ಎಚ್ ಎಷ್ಟು, ಯಾವ ತಾರೀಖು. ಬೇರೆ ಗುಳಿಗೆಗಳು. ಹೆರಿಗೆಯ ರಕ್ತಸ್ರಾವ, ಹಾವು ಕಡಿತ ಇದ್ದರೆ ಅದು. ಅದರ ಒಂದು ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲಿರಲಿ, ಪುಣೆಯಲ್ಲಿ ದುಡಿಯುವ ಮಗನ ಮೊಬೈಲಿನಲ್ಲೂ. ಕಣ್ಣಿನ ಪೊರೆಯಿಂದ ಹಿಡಿದು ಯಾವುದೇ ಆಪರೇಷನ್ನಿಗೆ ಹೋದಾಗ ಇದನ್ನು ತೋರಿಸಿ.

ಬಾಟಲಿಯಲ್ಲಿ ಹತ್ತು ಗುಳಿಗೆ ಉಳಿದ ದಿನವೇ ಹೊಸದು ತರಿಸಿ. ಮುಚ್ಚಳದ ಮೇಲೆ ತಂದ ತಾರೀಖನ್ನು ಪೆನ್ನಿನಲ್ಲಿ ಬರೆಯಿರಿ.